ಎಸ್ಕಲೇಟರ್‌ಗಿಂತ ಹೊಸ ಅರಮನೆ

ಪೋಲೆಂಡಿನ ರಾಜಧಾನಿ ವಾರ್ಸಾದ ಹಳೇ ಪಟ್ಟಣಕ್ಕೆ ನಾನು ಹೋಗಿದ್ದು ಎಸ್ಕಲೇಟರ್ ಹತ್ತಿ. ಕೆಳಗೆ ಸುರಂಗದ ಹತ್ತಿರ ಟ್ರಾಮ್ ಇಳಿದೆ. ಮೇಲೆ ಬಂದರೆ ಕಲ್ಲು ಹಾಸಿದ ದೊಡ್ಡ ಚೌಕ, ಒಂದು ಕಡೆ ಅರಮನೆ, ನಡುವೆ ಎತ್ತರದ ಕಂಬದ ಮೇಲೆ ನಿಂತ ರಾಜ. ಆ ಎಸ್ಕಲೇಟರ್ ಶುರುವಾಗಿದ್ದು 1949ರಲ್ಲಿ. ಅರಮನೆ ಜನರಿಗೆ ತೆರೆದದ್ದು 1984ರಲ್ಲಿ. ಯಂತ್ರ ಆಮೇಲೆ ಬದಲಾಗಿದೆ, ಬಿಡಿ. ಆದರೂ ಅರಮನೆಗಿಂತ ಎಸ್ಕಲೇಟರೇ ಹಳೇದು!

"ಪೋಲೆಂಡಿಗೆ ಹೋದ್ರೆ ಕ್ರಾಕೊವ್ ನೋಡು. ವಾರ್ಸಾದಲ್ಲಿ ಇರೋದೆಲ್ಲ ಡೂಪ್ಲಿಕೇಟ್" ಅಂದಿದ್ದ ಗೆಳೆಯ. ಕಂಬದ ಮೇಲಿರುವ ಮೂರನೇ ಜಿಗ್ಮುಂಟ್ ಇದನ್ನು ಒಪ್ಪುತ್ತಿರಲಿಲ್ಲ. ಆಸ್ಥಾನವನ್ನು ಕ್ರಾಕೊವ್‌ನಿಂದ ಇಲ್ಲಿಗೆ ತಂದವನೇ ಅವನು.

ಗೆಳೆಯ ಹೇಳಿದ್ದು ಸುಳ್ಳೇನಲ್ಲ. 1944ರ ಆಗಸ್ಟ್ 1ಕ್ಕೆ ವಾರ್ಸಾದ ಜನ ಜರ್ಮನ್ ಸೈನ್ಯದ ವಿರುದ್ಧ ದಂಗೆ ಎದ್ದರು. 63 ದಿನ ಹೋರಾಡಿ ಸೋತರು. ಆಮೇಲೆ ಜರ್ಮನ್ನರು ಊರನ್ನೇ ಖಾಲಿ ಮಾಡಿಸಿ, ಬೀದಿ ಬೀದಿಗೂ ಬೆಂಕಿ ಇಟ್ಟರು, ಡೈನಮೈಟ್ ಹಾಕಿದರು. ಅರಮನೆಯೂ ಆ ವರ್ಷವೇ ಹೋಯಿತು. ರಾಜನ ಕಂಬ ದಂಗೆಯ ದಿನಗಳಲ್ಲೇ ಉರುಳಿತ್ತು. ಮುರಿದ ಹಳೇ ಕಂಬದ ತುಂಡುಗಳು ಈಗಲೂ ಅರಮನೆಯ ಪಕ್ಕದಲ್ಲಿ ಬಿದ್ದಿವೆ. ನಾನು ಹೋದಾಗ ಒಂದಿಬ್ಬರು ಮಕ್ಕಳು ಅದರ ಮೇಲೆ ಹತ್ತಲು ನೋಡುತ್ತಿದ್ದರು.

ಈ ಊರನ್ನು ಮತ್ತೆ ಹೇಗೆ ಕಟ್ಟಿದರು ಅಂತ ಕೇಳಿದರೆ ಎಲ್ಲರೂ ಒಂದೇ ಕತೆ ಹೇಳುತ್ತಾರೆ. ಬೆಲ್ಲೊತ್ತೊ ಅನ್ನುವ 18ನೇ ಶತಮಾನದ ಇಟಲಿಯ ಚಿತ್ರಕಾರನ ಚಿತ್ರಗಳನ್ನು ನೋಡಿಕೊಂಡು ಕಟ್ಟಿದರಂತೆ. ಕೇಳಲು ಚೆನ್ನಾಗಿದೆ. ಅವನ ಚಿತ್ರಗಳು ಉಪಯೋಗಕ್ಕೆ ಬಂದದ್ದೂ ನಿಜ. ಆದರೆ ಗೋಡೆ ಎಷ್ಟು ದಪ್ಪ, ಕಿಟಕಿ ಎಷ್ಟು ಅಗಲ ಅಂತ ಚಿತ್ರ ಹೇಳುತ್ತದಾ? ಅದಕ್ಕೆ ಅಳತೆ ಬೇಕು. ವಾರ್ಸಾದ ಪಾಲಿಟೆಕ್ನಿಕ್‌ನ ಮೇಷ್ಟ್ರುಗಳು, ವಿದ್ಯಾರ್ಥಿಗಳು ಯುದ್ಧಕ್ಕೆ ಮೊದಲೇ ಮನೆ ಮನೆಗೂ ಟೇಪ್ ಹಿಡಿದು ಅಳೆದು ನಕ್ಷೆ ಮಾಡಿದ್ದರು. ಊರು ಸುಟ್ಟ ಮೇಲೆ ಆ ನಕ್ಷೆಗಳನ್ನು ಹೊರಗೆ ಸಾಗಿಸಿ ಪ್ಯೋತ್ರ್ಕುಫ್ ಅನ್ನುವ ಊರಿನ ಮಠದಲ್ಲಿ ಬಚ್ಚಿಟ್ಟರು. ಯುದ್ಧ ಮುಗಿದ ಮೇಲೆ ಯಾನ್ ಜಾಖ್ವಾತೊವಿಚ್ ಅನ್ನುವ ವಾಸ್ತುಶಿಲ್ಪಿ ಹಟ ಹಿಡಿದು ಕಟ್ಟಿಸಿದ. ಹಳೇ ಮಾರುಕಟ್ಟೆ ಚೌಕ 1953ರಲ್ಲಿ ಮತ್ತೆ ತೆರೆಯಿತು. 1980ರಲ್ಲಿ ಹಳೇ ಪಟ್ಟಣ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಇದನ್ನೆಲ್ಲ ಹೇಳುವ ಒಂದು ಪುಟ್ಟ ಮ್ಯೂಸಿಯಂ ಬ್ಜೊಜೊವಾ ಬೀದಿಯಲ್ಲಿದೆ. ಚೌಕ ನೋಡುವ ಮೊದಲೇ ಅಲ್ಲಿಗೆ ಹೋಗಿ. ನಾನು ಆಮೇಲೆ ಹೋಗಿ, ವಾಪಸ್ ಬಂದು ಚೌಕವನ್ನು ಇನ್ನೊಮ್ಮೆ ಸುತ್ತಿದೆ.

ಎರಡನೇ ಸುತ್ತಿನಲ್ಲಿ ಬೇರೆಯದೇ ಕಂಡಿತು. ಕಟ್ಟಿದವರು ಇದ್ದದ್ದನ್ನು ಇದ್ದ ಹಾಗೆಯೇ ಕಟ್ಟಿಲ್ಲ, ಆರಿಸಿ ಕಟ್ಟಿದ್ದಾರೆ. ಸಂತ ಯೊವಾನ್ನನ ದೊಡ್ಡ ಚರ್ಚ್‌ಗೆ ಯುದ್ಧಕ್ಕೆ ಮೊದಲು 19ನೇ ಶತಮಾನದ ಮುಖ ಇತ್ತು. ಅದು ಬೇಡ ಅಂತ ಇನ್ನೂ ಹಳೇ ಕಾಲದ ಇಟ್ಟಿಗೆ ಮುಖ ಕೊಟ್ಟರು. ಮನೆಗಳ ಹೊರಗೆ ವ್ಯಾಪಾರಿಗಳ ಕಾಲದ ಬಣ್ಣ, ಕೆತ್ತನೆ. ಒಳಗೆ 1950ರ ದಶಕದ ಫ್ಲ್ಯಾಟುಗಳು. ಹಿಂದಿನ ಅಂಗಳಗಳಲ್ಲಿ ಒತ್ತಿಕೊಂಡಿದ್ದ ಕಟ್ಟಡಗಳನ್ನು ಎಷ್ಟೋ ಕಡೆ ಮತ್ತೆ ಕಟ್ಟಲೇ ಇಲ್ಲ. ಗಾಳಿ ಬೆಳಕು ಬರಲಿ ಅಂತ. ಒಂದು ಕಮಾನಿನೊಳಗೆ ಸುಮ್ನೆ ಇಣುಕಿದರೆ ಹುಲ್ಲು, ಮರ, ಒಣಹಾಕಿದ ಬೆಡ್‌ಶೀಟು. ನನಗೆ ಮುಂದಿನ ಚೌಕಕ್ಕಿಂತ ಆ ಹಿತ್ತಿಲೇ ಇಷ್ಟವಾಯಿತು.

ಇಟ್ಟಿಗೆಯ ವಿಷಯ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ರಾಜಧಾನಿ ಕಟ್ಟಲು ವ್ರೊತ್ಸ್ವಾಫ್‌ನಂಥ ಊರುಗಳಿಂದ ಇಟ್ಟಿಗೆ ತರಿಸಿದರು. ಯುದ್ಧದವರೆಗೆ ಅದು ಜರ್ಮನಿಯ ಊರು. ಅಲ್ಲೂ ಹಳೇ ಕಟ್ಟಡಗಳಿದ್ದವು, ರಿಪೇರಿ ಮಾಡಬಹುದಾದದ್ದೂ ಇತ್ತು. ಅವನ್ನು ಕೆಡವಿ ಇಲ್ಲಿಗೆ ಸಾಗಿಸಿದರು. ಜರ್ಮನ್ನರ ಮೇಲಿನ ಸಿಟ್ಟು ಅರ್ಥವಾಗುತ್ತದೆ. ಆದರೂ.

ನಡುವೆ ಒಂದು ಹಾಲಿನ ಬಾರ್‌ನಲ್ಲಿ ಊಟ. ಹೆಸರು ನೋಡಿ ಗಾಬರಿಯಾಗಬೇಡಿ, ಅದು ಸೋವಿ ಕ್ಯಾಂಟೀನು, ನಮ್ಮ ದರ್ಶಿನಿ ಇದ್ದ ಹಾಗೆ. ಆಲೂಗಡ್ಡೆ, ಚೀಸ್ ತುಂಬಿ ನೀರಲ್ಲಿ ಬೇಯಿಸಿದ ಪಿಯೆರೊಗಿ ತಿಂದೆ. ನೋಡಲು ಥೇಟ್ ಕಡುಬು. ಖಾರದ ಸುದ್ದಿಯೇ ಇಲ್ಲ. ಸಸ್ಯಾಹಾರಿಗಳು, ಮೇಲೆ ಹಾಕುವ ಈರುಳ್ಳಿ ಜೊತೆ ಹಂದಿ ಕೊಬ್ಬು ಇದೆಯಾ ಅಂತ ಕೇಳಿಕೊಳ್ಳಿ.

ಎರಡನೇ ದಿನ ಮುರಾನುಫ್‌ಗೆ ನಡೆದೆ. ಹಳೇ ಪಟ್ಟಣದಿಂದ ಜಾಸ್ತಿ ದೂರವಿಲ್ಲ, ನಡೆದೇ ಹೋಗಬಹುದು. ಯುದ್ಧಕ್ಕೆ ಮೊದಲು ಯಹೂದಿಗಳು ತುಂಬಿದ್ದ ಕೇರಿ. ಆಮೇಲೆ ಜರ್ಮನ್ನರು ಅವರನ್ನು ಕೂಡಿಹಾಕಿದ ಘೆಟ್ಟೊ. 1943ರಲ್ಲಿ ಅಲ್ಲಿಯವರೂ ದಂಗೆ ಎದ್ದರು. ಆ ಕೇರಿಯನ್ನೂ ನೆಲಸಮ ಮಾಡಿದರು. ಅದನ್ನು ಮಾತ್ರ ಯಾರೂ ಮೊದಲಿನ ಹಾಗೆ ಕಟ್ಟಲಿಲ್ಲ. ಕಟ್ಟಿ ಎಂದು ಕೇಳುವವರೇ ಹೆಚ್ಚು ಉಳಿದಿರಲಿಲ್ಲ. ಅವಶೇಷ ಎಷ್ಟಿತ್ತೆಂದರೆ ಎತ್ತಿ ಮುಗಿಯುವಂತಿರಲಿಲ್ಲ. ಅದರ ಮೇಲೆಯೇ ಹೊಸ ವಠಾರಗಳನ್ನು ಕಟ್ಟಿದರು, ಅದನ್ನೇ ಪುಡಿ ಮಾಡಿ ಇಟ್ಟಿಗೆಯನ್ನೂ ಮಾಡಿದರು. ಹಾಗಾಗಿ ಅಲ್ಲಿ ಎಷ್ಟೋ ಮನೆಗಳು ರಸ್ತೆಗಿಂತ ಎತ್ತರದಲ್ಲಿವೆ. ಬಾಗಿಲು ತಲುಪಲು ಮೆಟ್ಟಿಲು ಹತ್ತಬೇಕು.

ಆ ಮೆಟ್ಟಿಲುಗಳ ಫೋಟೊ ತೆಗೆದು ಗೆಳೆಯನಿಗೆ ಕಳಿಸಿದೆ. "ಇದೇನೋ, ಸಾದಾ ಅಪಾರ್ಟ್‌ಮೆಂಟು!" ಅಂತ ಬರೆದಿದ್ದಾನೆ.