ಹತ್ತು ಬಂಗಡೆ, ಒಂದು ಇಶ್ವಾಣ

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಹುಡುಗನೊಬ್ಬ ಬಂಗಡೆಗಳನ್ನು ಫುಟ್‌ಬಾಲ್ ಟೀಮಿನ ಹಾಗೆ ಸಾಲು ಹಿಡಿದು ಜೋಡಿಸುತ್ತಿದ್ದ. ಹಿಂದೆ ನಾಲ್ಕು, ನಡುವೆ ಮೂರು, ಮುಂದೆ ಮೂರು. ಗೋಲಿನ ಬಾಯಿಗೆ ಒಂದು ದೊಡ್ಡ ಮೀನು, ಇಶ್ವಾಣ. ಬೆಂಗಳೂರು ಟೀಮಿನ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅಷ್ಟೆತ್ತರ ಇದ್ದಾನಲ್ಲ, ಅವನ ಜಾಗಕ್ಕೆ ಬಂಗಡೆ ಸಾಲದಂತೆ. ಪಕ್ಕದವನು ಎಡಗಡೆಯ ಬಂಗಡೆಯನ್ನು ಬಾಲ ಹಿಡಿದು ಮುಂದಕ್ಕೆ ತಳ್ಳಿದ. "ಇವನು ಇಷ್ಟು ಮೇಲೆ ಹೋದ್ರೆ ಹಿಂದೆ ಯಾರು ನೋಡ್ಕೊಳ್ತಾರೆ ಮಾರಾಯ?" ಎಂದು ಇವನು ಅದನ್ನು ವಾಪಸ್ ಎಳೆದ. ನಾಲ್ಕು ಸಲ ಹೀಗಾಯಿತು. ಬಂಗಡೆಯ ಹೊಟ್ಟೆ ಒಡೆಯಿತು.

"ತಮ್ಮಾ, ತಗೊಳ್ಳೋದಿದ್ರೆ ತಗೋ. ನನ್ನ ಮೀನು ಆಡಿಸ್ಬೇಡ" ಎಂದಳು ಮೀನಿನ ಅಕ್ಕ. ಒಡೆದ ಲೆಫ್ಟ್ ಬ್ಯಾಕ್ ಸಮೇತ ಡಿಫೆನ್ಸ್ ಪೂರ್ತಿ ಕೊಳ್ಳಬೇಕಾಯಿತು.

ಅದು 2025ರ ಏಪ್ರಿಲ್ ಮೊದಲ ವಾರ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಸೆಮಿಫೈನಲ್. ಬೆಂಗಳೂರಲ್ಲಿ ನಡೆದ ಮೊದಲ ಪಂದ್ಯದಲ್ಲಿ ಎಫ್‌ಸಿ ಗೋವಾ ಮೇಲೆ ಬೆಂಗಳೂರು ಎಫ್‌ಸಿ 2-0 ಗೆದ್ದಿತ್ತು. ಎರಡನೆಯದು 6ನೇ ತಾರೀಕು ಭಾನುವಾರ, ಮಡಗಾಂವ್‌ನ ಫತೋರ್ಡಾದಲ್ಲಿ. ನಡುವಿನ ನಾಲ್ಕು ದಿನ ನಮ್ಮೂರಿನ ಚಾದಂಗಡಿಗಳಲ್ಲಿ ಒಂದೇ ಪ್ರಶ್ನೆ. ಯಾರು ಗೆಲ್ತಾರೆ ಅನ್ನುವುದಲ್ಲ. ಯಾವುದು ನಮ್ಮ ಟೀಮು ಅನ್ನುವುದು.

ಬೆಂಗಳೂರು ಪಾರ್ಟಿಯವರದು ಸುಲಭದ ವಾದ. ರಾಜ್ಯ ಕರ್ನಾಟಕ, ರಾಜಧಾನಿ ಬೆಂಗಳೂರು, ಆದ್ದರಿಂದ ಟೀಮೂ ಅದೇ. ಗೋವಾ ಪಾರ್ಟಿಯವರು ಇದನ್ನು ಕಿಲೋಮೀಟರಿನಲ್ಲಿ ಅಳೆಯುತ್ತಿದ್ದರು. "ಫತೋರ್ಡಾಕ್ಕೆ ಮ್ಯಾಚ್ ನೋಡಲು ಹೋದ್ರೆ ರಾತ್ರಿ ಮನೆಗೆ ಬಂದು ಊಟ ಮಾಡಬಹುದು. ಕಂಠೀರವಕ್ಕೆ ಹೋಗೋಕೆ 500 ಕಿಲೋಮೀಟರು ದಾಟಬೇಕು. ಹಿಂದಿನ ಸಂಜೆ ರೈಲು ಹತ್ತಬೇಕು, ಮ್ಯಾಚಿನ ಮರುದಿನ ರಜೆ ಹಾಕಬೇಕು. ಅಷ್ಟು ದೂರದ್ದು ನೆಂಟರ ಟೀಮು, ನಮ್ಮದಲ್ಲ."

ವಾದ ಬಿಸಿಯಾದ ಹಾಗೆ ಒಬ್ಬೊಬ್ಬರ ಸ್ವಂತ ಲೆಕ್ಕವೂ ಹೊರಗೆ ಬಂತು. ಗೋವಾದ ಫ್ಯಾಕ್ಟರಿಗೆ ದಿನಾ ಹೋಗಿಬರುವವನು ಅನ್ನ ಕೊಟ್ಟ ಟೀಮು ಎಂದ. ಮಗಳನ್ನು ಬೆಂಗಳೂರಿಗೆ ಕೊಟ್ಟ ಮಾವನವರು ಬೆಂಗಳೂರು ಟೀಮಿನ ಛೆಟ್ರಿ ಪರ ನಿಂತರು. ಹೊಟ್ಟೆ ಆಪರೇಷನ್‌ಗೆಂದು ಗೋವಾದ ಬಾಂಬೋಳಿ ಆಸ್ಪತ್ರೆಯಲ್ಲಿ ವಾರ ಇದ್ದು ಬಂದವನು ಅಂಗಿ ಎತ್ತಿ ಹೊಲಿಗೆಯ ಗುರುತನ್ನೇ ತೋರಿಸಿದ. ಇನ್ನೊಬ್ಬ ಏನೂ ಹೇಳಲಿಲ್ಲ. ಗೋವಾದಲ್ಲಿ ಬಾಟಲಿಗೆ ಎಷ್ಟು, ಇಲ್ಲಿ ಎಷ್ಟು ಅಂತ ಮಾತ್ರ ಕೇಳಿದ. ಬೆಂಗಳೂರು ಪಾರ್ಟಿಯಿಂದ ಅಲ್ಲೇ ಇಬ್ಬರು ಎದ್ದು ಆ ಕಡೆ ಹೋಗಿ ಕೂತರು.

ಗೋವಾ ಟೀಮಿನ ಗುರುತು ಕಾಡುಕೋಣ. ಅದರ ಮೇಲೂ ಜಗಳ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ತುಂಬ ಓಡಾಡುವುದು ಅದೇ ಪ್ರಾಣಿ. ಜೋಯಿಡಾ ಕಡೆಯವನೊಬ್ಬ ಎದ್ದು, "ನಮ್ಮ ಗದ್ದೆಯಲ್ಲಿ ಮೇಯ್ತದೆ, ಅಲ್ಲಿ ಹೋಗಿ ಗೋಲು ಹೊಡೀತದೆ. ಪರಿಹಾರ ಯಾರು ಕೊಡ್ತಾರೆ?" ಎಂದ. ನ್ಯಾಯವಾದ ಪ್ರಶ್ನೆ. ಮಹದಾಯಿ ನೀರಿಗೇ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟರೂ ಜಗಳ ಮುಗಿದಿಲ್ಲ, ಇನ್ನು ಕೋಣದ ಕೇಸು ಯಾವ ಕಾಲಕ್ಕೆ?

ಮೂಲೆಯಲ್ಲಿ ಬನ್ಸ್ ಬಾಜಿ ತಿನ್ನುತ್ತಿದ್ದ ಅಜ್ಜ ಇಷ್ಟು ಹೊತ್ತು ಸುಮ್ನೆ ಇದ್ದರು. ಕೈ ತೊಳೆದು ಬಂದು, "ನಾ ಹುಟ್ಟಿದಾಗ ಇದು ಮುಂಬೈ ಪ್ರಾಂತ್ಯ. 1956ರಲ್ಲಿ ಈಚೆ ಸೇರಿಸಿದ್ರು. ನನ್ನನ್ನೇನು ಕೇಳಿರಲಿಲ್ಲ. ನಂದು ಮುಂಬೈ ಟೀಮು" ಎಂದರು. ಮುಂಬೈ ಈ ಸೆಮಿಫೈನಲ್‌ನಲ್ಲೇ ಇಲ್ಲ ಅಜ್ಜಾ ಎಂದರೆ, "ಇಲ್ಲದಿದ್ರೆ ಒಳ್ಳೇದೇ ಆಯ್ತು, ಸೋಲೋದಿಲ್ಲ" ಎಂದು ಬೀಡಿ ಹಚ್ಚಿದರು.

ಆಟದ ಬಗ್ಗೆ ಮಾತೇ ಇರಲಿಲ್ಲ ಅಂತಲ್ಲ. ಇತ್ತು, ಜಾಸ್ತಿಯೇ ಇತ್ತು. ಗೋವಾದ ಕೋಚ್ ಮನೋಲೊ ಮಾರ್ಕೆಜ್ ಆಗ ಭಾರತ ತಂಡಕ್ಕೂ ಕೋಚ್. ಒಂದೇ ಮನುಷ್ಯನಿಗೆ ಎರಡು ಕುರ್ಚಿ. ಇದು ಚಾದಂಗಡಿಯವರು ಕಟ್ಟಿದ ಕತೆಯಲ್ಲ, ದೇಶದ ಫುಟ್‌ಬಾಲ್ ನಡೆಸುವವರೇ ಮಾಡಿಕೊಂಡ ಏರ್ಪಾಡು. 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದ್ದ ಸುನಿಲ್ ಛೆಟ್ರಿಯನ್ನು ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಂಡವನೂ ಇದೇ ಮಾರ್ಕೆಜ್. ಛೆಟ್ರಿಗೆ ಆಗ ನಲವತ್ತು. ಮಾಲ್ಡೀವ್ಸ್ ಮೇಲೆ ಗೋಲನ್ನೂ ಹೊಡೆದ. ಬೆಂಗಳೂರು ಪಾರ್ಟಿಯ ಪಂಡಿತರಿಗೆ ಇದರಲ್ಲಿ ಸಂಚು ಕಾಣಿಸಿತು. "ದೇಶಕ್ಕೆ ಬೇಕು ಅಂತ ಅಲ್ಲ ಕರೆಸಿದ್ದು. ಸೆಮಿಫೈನಲ್‌ಗೆ ಮೊದಲು ಸುಸ್ತು ಮಾಡೋಕೆ." ಅತ್ತ ಗೋವಾ ಪಾರ್ಟಿಯವರ ಎದೆಯಲ್ಲಿ 2019ರ ಫೈನಲ್ ಇನ್ನೂ ಹಸಿಯಾಗಿತ್ತು. 117ನೇ ನಿಮಿಷದಲ್ಲಿ ಬೆಂಗಳೂರಿನ ರಾಹುಲ್ ಭೇಕೆ ತಲೆ ಕೊಟ್ಟು ಹೊಡೆದ ಆ ಒಂದೇ ಗೋಲು. ಅವರ ಪ್ರಕಾರ ಆ ಕಾರ್ನರೇ ಕಾರ್ನರ್ ಅಲ್ಲ. ಆರು ವರ್ಷದಿಂದ ಅಲ್ಲ.

ಇಷ್ಟೆಲ್ಲ ಮಾತಾಡುವವರು ಚೆಂಡಿಗೆ ಕಾಲು ತಾಗಿಸಿ ಎಷ್ಟು ವರ್ಷವಾಯಿತು ಎಂದು ನಾನು ಕೇಳಬಾರದಿತ್ತು. ಕೇಳಿದೆ. ಆಡೋಕೆ ಮೈದಾನ ಎಲ್ಲಿದೆ ಎಂದು ಎರಡೂ ಪಾರ್ಟಿ ಒಂದಾಗಿ ನನ್ನ ಮೇಲೆ ಬಿದ್ದವು. ಆ ಮಾತು ನಿಜ. ಹತ್ತಿರದ ಮೈದಾನದಲ್ಲಿ ಅವತ್ತು ವಸ್ತುಪ್ರದರ್ಶನ. ಗೋಲು ಪೆಟ್ಟಿಗೆಯ ಜಾಗದಲ್ಲಿ ತಿರುಗುವ ತೊಟ್ಟಿಲು, ಮಧ್ಯದಲ್ಲಿ ಗೋಬಿ ಮಂಚೂರಿ. ಆಡುವ ಮಕ್ಕಳು ಕಡಲದಂಡೆಯಲ್ಲಿ ಎರಡು ಜೊತೆ ಚಪ್ಪಲಿಯನ್ನೇ ಗೋಲು ಮಾಡಿಕೊಂಡಿದ್ದರು. ಅವರಿಗೆ ಭರತದ ನೀರು ಬಂದು ಗೋಲು ತೇಲಿಹೋಗುವ ಚಿಂತೆ. ಮಾರ್ಕೆಜ್ ಯಾರು ಅಂತಲೂ ಗೊತ್ತಿರಲಿಲ್ಲ.

ಭಾನುವಾರ ರಾಮನವಮಿ. ಹಗಲು ಪಾನಕ ಕುಡಿದು, ರಾತ್ರಿ ಎರಡೂ ಪಾರ್ಟಿ ಒಂದೇ ಟಿವಿ ಮುಂದೆ ಕೂತವು. ಗೋವಾ ಪಾರ್ಟಿ ಒಂದು ಮಾಲೆ ಪಟಾಕಿ ತಂದಿತ್ತು. 88ನೇ ನಿಮಿಷಕ್ಕೆ ಗೋವಾದ ಸಾದಿಕು ಗೋಲು, ಎರಡೂ ಪಂದ್ಯ ಸೇರಿಸಿ 2-2. ಪಟಾಕಿ ಎತ್ತಿಕೊಂಡು ಎಲ್ಲ ಹೊರಗೆ ಓಡಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿದ್ದು ಇದೇ ತಾಲೂಕಿನಲ್ಲಿ. ನಮ್ಮ ಓಣಿಗೆ ಮಾತ್ರ 90 ನಿಮಿಷ ಪೂರ್ತಿ ಸಿಗಲಿಲ್ಲ.

ಕತ್ತಲಲ್ಲಿ ಬೆಂಕಿಪೊಟ್ಟಣದ ಹುಡುಕಾಟ ಶುರುವಾಯಿತು. ಯಾರ ಜೇಬಲ್ಲೂ ಇಲ್ಲ. ಅದು ಸಿಗುವ ಮೊದಲೇ ಕರೆಂಟು ಬಂತು, ಟಿವಿಯಲ್ಲಿ ಛೆಟ್ರಿ ಓಡುತ್ತಿದ್ದ. 90 ನಿಮಿಷ ಮುಗಿದ ಮೇಲೆ ಹೊಡೆದಿದ್ದ. ಒಟ್ಟು ಲೆಕ್ಕ 3-2, ಬೆಂಗಳೂರು ಫೈನಲ್‌ಗೆ.

ಹೊರಗೆ ಪಟಾಕಿ ಹಿಡಿದವರು ಹಾಗೇ ನಿಂತಿದ್ದರು. ಬೆಂಗಳೂರು ಪಾರ್ಟಿಯ ಹುಡುಗ ಹತ್ತಿರ ಹೋಗಿ, "ಹೇಗೂ ನಿಮಗೆ ಬೇಡ ಅಲ್ವಾ, ಅರ್ಧ ರೇಟಿಗೆ ಕೊಡ್ತೀರಾ?" ಎಂದು ಕೇಳಿದ. ಹತ್ತು ನಿಮಿಷ ಚೌಕಾಸಿ ನಡೆದು ಮುಕ್ಕಾಲು ರೇಟಿಗೆ ಕುದುರಿತು.

ಬೆಂಕಿಪೊಟ್ಟಣ ಮುಂಬೈ ಅಜ್ಜನ ಹತ್ತಿರ ಇತ್ತು. ಅವರು ಎಂಟು ಗಂಟೆಗೇ ಮನೆಗೆ ಹೋಗಿ ಮಲಗಿದ್ದರು.