ಖಾಲಿ ಹಾಳೆಯೇ ವಿಲನ್

‘ಎಕ್ಸಾಮ್’ (2009) ಸಿನಿಮಾದಲ್ಲಿ ಬರೀ ಮಾತು, ಕಥೆಯೇ ಇಲ್ಲ ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಒಂದು ಕೋಣೆ, ಒಂದೇ ನೌಕರಿಗಾಗಿ ಪರೀಕ್ಷೆಗೆ ಕೂತ ಎಂಟು ಜನ, 80 ನಿಮಿಷ. ಪ್ರಶ್ನೆಪತ್ರಿಕೆ ನೋಡಿದರೆ ಖಾಲಿ! ಒಬ್ಬಳು ಸುಮ್ನೆ ಬರೆಯಲು ಶುರು ಮಾಡುತ್ತಾಳೆ, ಹಾಳೆ ಕೆಡಿಸಿದ್ದಕ್ಕೆ ತಕ್ಷಣ ಹೊರಗೆ. ಅಲ್ಲಿಂದ ಉಳಿದವರು ಪೆನ್ಸಿಲ್ ಮುಟ್ಟಲೂ ಹೆದರುತ್ತಾರೆ. ಅದೇ ಕಥೆ ಅಲ್ವಾ?

ಕೊನೆಯ ಅರ್ಧಗಂಟೆ ಸ್ವಲ್ಪ ಜಾಸ್ತಿಯಾಯಿತು, ಅದು ನಿಜ. ಆದರೆ ಯಾರಿಗೂ ಹೆಸರಿಲ್ಲದೆ ಕೂದಲು, ಮೈಬಣ್ಣ ನೋಡಿ ಅಡ್ಡಹೆಸರು ಇಟ್ಟುಕೊಳ್ಳುವ ಜಾಗ ಚುಚ್ಚುತ್ತದೆ. ನನ್ನ ಮೊದಲ ಇಂಟರ್‌ವ್ಯೂನಲ್ಲೂ ಹೀಗೇ. ಪಕ್ಕದವನ ಫೈಲ್ ಎಷ್ಟು ದಪ್ಪ ಇದೆ ಎಂದು ಕದ್ದು ನೋಡುತ್ತಾ ಕೂತಿದ್ದೆ. ಅವನ ಹೆಸರು ಕೇಳಬೇಕು ಅಂತ ಹೊಳೆಯಲೇ ಇಲ್ಲ.