ಇಂಟರ್ನೆಟ್‌ಗೆ ದೊಡ್ಡ ‘ಐ’ ಯಾಕೆ ಬೇಕು?

ಇಂಗ್ಲಿಷ್‌ನಲ್ಲಿ ಇಂಟರ್ನೆಟ್ ಅಂತ ಬರೆಯುವಾಗ ಮೊದಲ ಅಕ್ಷರ ದೊಡ್ಡದಿರಬೇಕಾ, ಚಿಕ್ಕದಿರಬೇಕಾ? ನನ್ನ ಮಟ್ಟಿಗೆ ಚಿಕ್ಕದೇ ಸರಿ. ಮೈಸೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಮಾತಿಗೆ ವಿರೋಧ ಜಾಸ್ತಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಈ ತಲೆನೋವೇ ಇಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲವಲ್ಲ. ಹಾಗಂತ ವ್ಯತ್ಯಾಸ ಗೊತ್ತಿಲ್ಲದವರೇನಲ್ಲ ನಾವು. ನದಿ ರೂಢನಾಮ, ಕಾವೇರಿ ಅಂಕಿತನಾಮ ಅಂತ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಇಂಗ್ಲಿಷ್‌ನಲ್ಲಿ ದೊಡ್ಡಕ್ಷರ ಸಿಗುವುದು ಅಂಕಿತನಾಮಕ್ಕೆ. ಹಾಗಾದರೆ ಇಂಟರ್ನೆಟ್ ನದಿಯೋ, ಕಾವೇರಿಯೋ?

ಕಾವೇರಿ ಅನ್ನುವವರ ವಾದ ಪೊಳ್ಳಲ್ಲ. 1974ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್, ಬೇರೆ ಬೇರೆ ನೆಟ್‌ವರ್ಕ್‌ಗಳು ಒಂದರೊಡನೊಂದು ಮಾತಾಡುವ ವಿಧಾನವನ್ನು ಪ್ರಕಟಿಸಿದರು. ಹಾಗೆ ಜೋಡಿಸಿದ ಯಾವ ಜಾಲವಾದರೂ ಎಂಜಿನಿಯರುಗಳಿಗೆ ಚಿಕ್ಕ ‘ಐ’ ಇಂಟರ್ನೆಟ್. 1983ರ ಜನವರಿ 1ರಂದು ಅಮೆರಿಕದ ರಕ್ಷಣಾ ಇಲಾಖೆಯ ನೆಟ್‌ವರ್ಕ್ ಅರ್ಪಾನೆಟ್, ಆ ವಿಧಾನದಿಂದ ಬೆಳೆದ ಟಿಸಿಪಿ/ಐಪಿ ಅನ್ನುವ ನಿಯಮಗಳಿಗೆ ಬದಲಾಯಿತು. ಮುಂದೆ ಲೋಕಕ್ಕೆಲ್ಲ ಹರಡಿದ ಆ ಒಂದು ಮಹಾಜಾಲಕ್ಕೆ ದೊಡ್ಡ ‘ಐ’ ಸಿಕ್ಕಿತು. ಇರುವುದು ಒಂದೇ, ಆದ್ದರಿಂದ ಅದು ಹೆಸರು ಅನ್ನುವ ಲೆಕ್ಕ.

ಆದರೆ ಒಂದೇ ಇದೆ ಅನ್ನುವುದೇ ಕಾರಣವಾದರೆ ಆಕಾಶಕ್ಕೂ ದೊಡ್ಡಕ್ಷರ ಬೇಕಿತ್ತು, ಅಲ್ವಾ? ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನವರು 2016ರ ಜೂನ್ 1ರಿಂದ ಇಂಟರ್ನೆಟ್, ವೆಬ್ ಎರಡನ್ನೂ ಚಿಕ್ಕಕ್ಷರಕ್ಕೆ ಇಳಿಸಿದರು. ತಂತ್ರಜ್ಞಾನದ ಸುದ್ದಿ ಕೊಡುವ ವೈರ್ಡ್‌ನವರು 2004ರಲ್ಲೇ ಇಳಿಸಿದ್ದರು. ನಮ್ಮ ಸ್ಟಾಫ್ ರೂಮಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿಲ್ಲ.

ನಮ್ಮೂರಿನದೇ ಉದಾಹರಣೆ ಇದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ದೇಶದ ರೇಡಿಯೋ ಸಂಸ್ಥೆಗೂ ಅದೇ ಹೆಸರಾಯಿತು. ಆಕಾಶವಾಣಿಗೆ ದೊಡ್ಡ ‘ಎ’ ಬೇಕೇ ಬೇಕು, ಅದು ಒಂದು ಸಂಸ್ಥೆ. ರೇಡಿಯೋಗೆ ಯಾರಾದರೂ ದೊಡ್ಡ ‘ಆರ್’ ಹಾಕುತ್ತಾರಾ? ಇಂಟರ್ನೆಟ್ ರೇಡಿಯೋ ಸಾಲಿಗೆ ಸೇರಿ ಎಷ್ಟೋ ಕಾಲವಾಯಿತು.

ನಿಜ ಹೇಳಬೇಕೆಂದರೆ ಇಂಟರ್ನೆಟ್‌ಗಿಂತ ನನ್ನನ್ನು ಕಾಡುವುದು ಹುಡುಗರ ಪ್ರಾಜೆಕ್ಟ್ ರಿಪೋರ್ಟು. ಸರ್ವರ್, ಡೇಟಾಬೇಸ್, ಕ್ಲೌಡ್, ಮಷೀನ್ ಲರ್ನಿಂಗ್, ಸೆನ್ಸರ್ ಎಲ್ಲಕ್ಕೂ ವಾಕ್ಯದ ನಡುವೆಯೇ ದೊಡ್ಡಕ್ಷರ. ಅದೇ ಪುಟದಲ್ಲಿ ಮೈಸೂರಿಗೆ ಚಿಕ್ಕ ‘ಎಂ’! ಯಾಕಪ್ಪಾ ಅಂದರೆ, “ಟೆಕ್ನಿಕಲ್ ವರ್ಡ್ ಅಲ್ವಾ ಸರ್” ಅನ್ನುತ್ತಾರೆ. ಆರ್ಟಿಫಿಶಿಯಲ್ ಇಂಟೆಲಿಜೆನ್ಸನ್ನು ಎಐ, ಇಂಟರ್ನೆಟ್ ಆಫ್ ಥಿಂಗ್ಸನ್ನು ಐಒಟಿ ಅಂತ ಮೊಟಕು ಮಾಡಿದಾಗ ದೊಡ್ಡಕ್ಷರ ಇರುತ್ತದೆ, ಬಿಡಿಸಿ ಬರೆದಾಗಲೂ ಇರಬೇಕು ಅಂದುಕೊಳ್ಳುತ್ತಾರೆ. ಹುಡುಗರದ್ದೇ ತಪ್ಪು ಅನ್ನಲಾರೆ. ಕೋರ್ಸ್ ಮಾರುವವರ ಜಾಹೀರಾತು, ಕಾಲೇಜಿನ ಬ್ರೋಷರ್, ಕಂಪನಿಗಳ ಸ್ಲೈಡು ಎಲ್ಲ ಹೀಗೇ ಇರುತ್ತವೆ. ಪದಕ್ಕೆ ದೊಡ್ಡಕ್ಷರ ಹಾಕಿದರೆ ಫೀಸಿಗೂ ಒಂದು ಸೊನ್ನೆ ಸೇರಿಸಬಹುದು.

ಇದು ಬರೀ ಕಾಗುಣಿತದ ಕಿರಿಕಿರಿ ಅಲ್ಲ. ದೊಡ್ಡ ‘ಸಿ’ ಹಾಕಿ ಕ್ಲೌಡ್ ಅಂದ ಕೂಡಲೇ ಅದು ಯಾವುದೋ ಮಹಾಮಹಿಮ ವಸ್ತುವಿನ ಹಾಗೆ ಕಾಣುತ್ತದೆ. ಓದುವವರು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಚಿಕ್ಕ ‘ಸಿ’ ಹಾಕಿ ನೋಡಿ, ಬೇರೆಯವರ ಕಂಪ್ಯೂಟರನ್ನು ಬಾಡಿಗೆಗೆ ತಗೊಂಡಿದ್ದೇವೆ ಅನ್ನುವುದು ತಾನೇ ಹೊರಬರುತ್ತದೆ. ಎಲ್ಲಿದೆ ಆ ಕಂಪ್ಯೂಟರ್, ತಿಂಗಳಿಗೆ ಎಷ್ಟು ಬಾಡಿಗೆ ಅಂತ ವೈವಾದಲ್ಲಿ ಕೇಳಿದರೆ ತುಂಬಾ ಜನ ಸುಮ್ನೆ ನಿಲ್ಲುತ್ತಾರೆ.

ನಿಜವಾದ ಹೆಸರುಗಳ ತಂಟೆಗೆ ನಾನು ಹೋಗುವುದಿಲ್ಲ. ಪೈಥಾನ್, ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳು, ಬ್ಲೂಟೂತ್, ಇವಕ್ಕೆ ದೊಡ್ಡಕ್ಷರ ಇರಲಿ. ವೈ-ಫೈ ಕೂಡ ಟ್ರೇಡ್‌ಮಾರ್ಕೇ. ಆದರೆ ನಮ್ಮ ಬಸ್ ಸ್ಟ್ಯಾಂಡಿನಿಂದ ಹಿಡಿದು ದೋಸೆ ಹೋಟೆಲಿನವರೆಗೆ ಎಲ್ಲರೂ ಅದನ್ನು ನಲ್ಲಿ ನೀರಿನಷ್ಟೇ ಸಲೀಸಾಗಿ ಕೇಳುತ್ತಾರೆ. ಎಸ್ಕಲೇಟರ್ ಅನ್ನುವುದು ಓಟಿಸ್ ಕಂಪನಿಯ ಸ್ವಂತ ಹೆಸರಾಗಿತ್ತು. 1950ರಲ್ಲಿ ಆ ಹಕ್ಕು ಕೈತಪ್ಪಿತು, ಈಗ ಯಾವ ಕಂಪನಿಯದ್ದಾದರೂ ಎಸ್ಕಲೇಟರೇ. ವೈ-ಫೈ ಕೂಡ ಅದೇ ದಾರಿಯಲ್ಲಿದೆ ಅಂತ ನನ್ನ ಅನುಮಾನ. ಸದ್ಯಕ್ಕೆ ಅದಕ್ಕೆ ಕೆಂಪು ಗೆರೆ ಎಳೆಯುತ್ತಿಲ್ಲ. ಕ್ಲೌಡಿಗೆ ಮಾತ್ರ ಎಳೆಯುತ್ತೇನೆ, ಹುಡುಗರು ಎಷ್ಟು ಬೈದುಕೊಂಡರೂ ಸರಿ.